ತೋಪಿನ ಪಕ್ಕ ನಿಲ್ಲಿಸಿದ ಕಾಕಾ

ಪೂರ್ವ ಕರಾವಳಿಯ ಒಂದು ಬಂದರು ಊರಿನಲ್ಲಿ, ಮರಳಿನ ಮೇಲೆ ಎಳೆದು ನಿಲ್ಲಿಸಿ ಮ್ಯೂಸಿಯಂ ಮಾಡಿದ ಹಳೆಯ ಯುದ್ಧದ ಹಡಗೊಂದಿದೆ. ಅದರ ಮುಂಭಾಗದ ತೋಪಿನ ಪಕ್ಕ ಎಂಟು ತಿಂಗಳು ನನ್ನ ಕಾಕಾನ ಫೋಟೋ ಇತ್ತು. ಯುದ್ಧದ ದಿನಗಳಲ್ಲಿ ಇವರು ಈ ತೋಪಿಗೆ ಗುಂಡು ತುಂಬುತ್ತಿದ್ದರು ಎಂದು ಫೋಟೋದ ಕೆಳಗೆ ಮೂರು ಭಾಷೆಗಳಲ್ಲಿ ಬರೆದಿದ್ದರು. ಮೂರು ಭಾಷೆಗಳಲ್ಲೂ ಅದು ಸುಳ್ಳು. ಆ ಸುಳ್ಳನ್ನು ಬರೆದುಕೊಟ್ಟವನು ನಾನು. ಅದೂ ಕಾಕಾನಿಗೆ ಗೊತ್ತಿಲ್ಲದೆ, ಕಾಕಾನ ಕೈಯಿಂದಲೇ ಸಹಿ ಹಾಕಿಸಿಕೊಂಡು.

ನಾನು ಸೇಡಂನ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಇತಿಹಾಸದ ಮಾಸ್ತರನೇ ಹೀಗೆ ಮಾಡಿದ ಅಂದರೆ ಕೇಳಿದವರು ನಗಬೇಕೋ ಉಗಿಯಬೇಕೋ ಗೊತ್ತಿಲ್ಲ. ನಾನಂತೂ ಎರಡಕ್ಕೂ ತಯಾರಾಗಿಯೇ ಬರೆಯಲು ಕುಳಿತಿದ್ದೇನೆ.

ನಮ್ಮ ಊರು ಚಿಂಚೋಳಿ ತಾಲ್ಲೂಕಿನಲ್ಲಿ, ಕೊಡ್ಲಿಯಿಂದ ಸ್ವಲ್ಪ ಆಚೆ. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಬಹಳ ದೂರ. ಅಂಥ ಊರಿನಿಂದ ಅಪ್ಪನ ತಮ್ಮ, ಅಂದರೆ ನನ್ನ ಕಾಕಾ, ಮೀಸೆ ಮೂಡುವ ವಯಸ್ಸಿಗೆ ನೌಕಾಪಡೆಗೆ ಸೇರಿದ. ರಜೆಗೆ ಬಂದಾಗ ಬಿಳಿ ಬಟ್ಟೆಯಲ್ಲೇ ಸುಲೇಪೇಟದಲ್ಲಿ ಬಸ್ಸಿಳಿದು, ಅಲ್ಲಿಂದ ಸಿಕ್ಕ ಗಾಡಿ ಹತ್ತಿ, ಉಳಿದದ್ದು ನಡೆದುಕೊಂಡು ಬರುತ್ತಿದ್ದ. ಊರವರು ಅವನನ್ನು ಜಹಾಜಿನಾಂವ, ಅಂದರೆ ಹಡಗಿನವನು, ಎಂದೇ ಕರೆಯುತ್ತಿದ್ದರು. ನಮ್ಮ ಓಣಿಯವರನ್ನು ಯಾರೂ ಹಾಗೆ ಹೊಸ ಹೆಸರಿನಿಂದ ಕರೆದದ್ದು ನನಗೆ ನೆನಪಿಲ್ಲ. ಅದಕ್ಕೇ ನಾನು ಎದೆ ಉಬ್ಬಿಸಿಕೊಂಡು ಅವನ ಹಿಂದೆ ಮುಂದೆ ಸುಳಿಯುತ್ತಿದ್ದೆ.

“ಕಾಕಾ, ನೀ ತೋಪು ಹೊಡದೀಯೇನು?” ಎಂದು ಕೇಳಿದರೆ ಅವನು ನಗುತ್ತಿದ್ದ.

“ಜಹಾಜಿನ್ಯಾಗ ಒಬ್ಬೊಬ್ಬರಿಗಿ ಒಂದೊಂದು ಕೆಲಸ ಇರ್ತದ ಮಗನಾ. ಎಲ್ಲಾರೂ ತೋಪು ಹೊಡಕೋತ ಕುಂತ್ರ ಜಹಾಜ ಹೆಂಗ ನಡೀಬೇಕು?”

ನಾನು ಇದನ್ನು ಹೌದು ಎಂದೇ ತಿಳಿದುಕೊಂಡೆ. ಮರುದಿನ ಶಾಲೆಯಲ್ಲಿ ನಮ್ಮ ಕಾಕಾ ತೋಪು ಹೊಡಿತಾನ ಎಂದು ಸಾರಿಬಿಟ್ಟೆ.

ಹತ್ತನೆಯ ತರಗತಿಗೆ ಬಂದಾಗ ಅಪ್ಪ ನಿಜ ಹೇಳಿದ. ಅಪ್ಪ ಶಹಾಬಾದದ ಕಲ್ಲಿನ ಖಣಿಯಲ್ಲಿ ದುಡಿದವನು, ಮಾತೂ ಹಾಗೇ ಚಪ್ಪಡಿ ಎತ್ತಿಹಾಕಿದಂತೆ. ನಾನು ಕಾಕಾನ ಹಾಗೆ ನೌಕಾಪಡೆಗೆ ಹೋಗುತ್ತೇನೆ ಅಂದದ್ದೇ ತಡ, ಉಣ್ಣುವುದು ಬಿಟ್ಟು ನನ್ನ ಕಡೆ ನೋಡಿದ. “ನಿಮ್ಮ ಕಾಕಾ ಅಲ್ಲಿ ಸಂಡಾಸ ತೊಳಿತಿದ್ದ,” ಅಂದ. “ನಮ್ಮಪ್ಪ ಊರ ಮಂದಿ ಎದುರು ಕಸಬರಗಿ ಬಿಸಾಕಿದ. ಇಂವ ಹೋಗಿ ಸರ್ಕಾರದ ಕಸಬರಗಿ ಹಿಡದ.”

ಅಜ್ಜನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಊರ ಚಾವಡಿ ಗುಡಿಸುವುದು, ಸತ್ತ ದನ ಎಳೆಯುವುದು ಇನ್ನು ಮೇಲೆ ನಮ್ಮಿಂದ ಆಗುವುದಿಲ್ಲ ಎಂದು ಅಜ್ಜ ಖಡಾಖಂಡಿತ ಹೇಳಿ, ಬುದ್ಧನ ಫೋಟೋ ತಂದು ಗೋಡೆಗೆ ಹಾಕಿದ್ದ. ಅದಕ್ಕಾಗಿ ಒಂದು ವರ್ಷ ಊರಲ್ಲಿ ಯಾರೂ ಕೂಲಿಗೆ ಕರೆಯಲಿಲ್ಲ. ಅಂಥವನ ಮಗ ಕಾಕಾ. ಅವನು ಹಡಗು ನಡೆಸುವ ಕೆಲಸಕ್ಕೇ ಅರ್ಜಿ ಹಾಕಿದ್ದನಂತೆ. ಓದು ಕಡಿಮೆ ಎಂದು ಆ ಕೆಲಸ ಸಿಗಲಿಲ್ಲ, ಇದು ಸಿಕ್ಕಿತು. ಬಿಟ್ಟು ಬರಲಿಲ್ಲ. ಅಪ್ಪನಿಗೆ ಅದೇ ಸಿಟ್ಟು.

ಅಪ್ಪನಿಗೆ ಬಂದದ್ದು ಸಿಟ್ಟು, ನನಗೆ ಬಂದದ್ದು ನಾಚಿಕೆ. ಶಾಲೆಯಲ್ಲಿ ಹೇಳಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಇರಲಿಲ್ಲ, ಅದನ್ನೇ ಮುಂದುವರಿಸಿದೆ. ಕಾಲೇಜಿನಲ್ಲಿ ಹೇಳಿದೆ. ನೌಕರಿ ಸಿಕ್ಕಮೇಲೆ ಸ್ಟಾಫ್ ರೂಮಿನಲ್ಲಿ ಹೇಳಿದೆ. ಯುದ್ಧದ ಪಾಠ ಬಂದಾಗಲೆಲ್ಲ ಮಕ್ಕಳೆದುರು ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳಿದೆ. ಹೇಳುತ್ತ ಹೇಳುತ್ತ ಕಾಕಾನ ಭುಜ ಅಗಲವಾಯಿತು, ತೋಪು ದೊಡ್ಡದಾಯಿತು. ವಾಡಿಯಲ್ಲಿ ಕುಳಿತ ಕಾಕಾನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ನೌಕಾಪಡೆಯಿಂದ ಬಂದಮೇಲೆ ಕಾಕಾ ವಾಡಿಯಲ್ಲಿ ಒಂದು ಸಿಮೆಂಟ್ ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ ಮಾಡಿ, ಅಲ್ಲಿಯೇ ರೈಲ್ವೆ ಹಳಿಗೆ ಹತ್ತಿರ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದ. ವಾಡಿಯಲ್ಲಿ ಗಿಡದ ಎಲೆಯ ಮೇಲೂ ಬಿಳಿ ಧೂಳು ಕೂರುತ್ತದೆ. ಕಾಕಾನ ಮನೆಯ ಪರಸಿ ಕಲ್ಲಿನ ನೆಲದ ಮೇಲೆ ಮಾತ್ರ ಕಾಣುವುದಿಲ್ಲ. ದಿನಕ್ಕೆ ಎರಡು ಸಲ ತಾನೇ ಒರೆಸುತ್ತಾನೆ. ಅವನ ಹೆಂಡತಿ, ನಮ್ಮ ಕಾಕು, ಬೈದರೂ ಬಿಡುವುದಿಲ್ಲ. ನಾನು ಹೋದಾಗ ಅವನು ಬಕೆಟ್ಟು ಹಿಡಿದು ಬಗ್ಗಿದ್ದರೆ, ನನ್ನ ಜೊತೆ ಬಂದವರು ನೋಡಿಯಾರು ಎಂದು ನಾನು ಬಾಗಿಲಲ್ಲೇ ನಿಂತು ಜೋರಾಗಿ ಮಾತಾಡಿಸುತ್ತಿದ್ದೆ, ಎದ್ದು ನಿಲ್ಲಲಿ ಎಂದು. ಇಂಥ ಸಣ್ಣತನಗಳನ್ನು ಲೆಕ್ಕ ಹಾಕಿದರೆ ಮುಗಿಯುವುದಿಲ್ಲ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಕಾಕಾ ಚಿತ್ತಾಪುರದ ಮೇಲಿಂದ ಬರುವ ಪ್ಯಾಸೆಂಜರ್ ಗಾಡಿ ಹಿಡಿದು ಸೇಡಂಗೆ ನಮ್ಮ ಮನೆಗೆ ಬಂದ. ಮೊಳಕಾಲು ನೋವಿದ್ದರೂ ಮುಖದಲ್ಲಿ ಒಂದು ಲವಲವಿಕೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿ ಇಟ್ಟ ಒಂದು ಪತ್ರ.

“ನಮ್ಮ ಜಹಾಜ ಇಟ್ಟಾರಂತ,” ಅಂದ. “ಒಡದು ಗುಜರಿಗಿ ಹಾಕಿರ್ತಾರ ಅಂತ ಮಾಡಿದ್ದೆ ನಾ. ಇಲ್ಲ, ಇಟ್ಟಾರ. ಮಂದಿ ಒಳಗ ಹೋಗಿ ನೋಡ್ತಾರಂತ.”

ಹಡಗನ್ನು ರಿಪೇರಿ ಮಾಡಿ ಜನರಿಗೆ ತೆರೆಯುತ್ತಿದ್ದಾರೆ, ಯುದ್ಧದ ಕಾಲದಲ್ಲಿ ಅದರಲ್ಲಿದ್ದವರು ತಮ್ಮ ಒಂದು ಹಳೆಯ ಫೋಟೋ, ಮಾಡುತ್ತಿದ್ದ ಕೆಲಸ, ಒಂದು ನೆನಪು ಬರೆದು ಕಳಿಸಬೇಕು ಎಂದು ಪತ್ರದಲ್ಲಿತ್ತು. ಜೊತೆಗೆ ಒಂದು ಇಂಗ್ಲಿಷ್ ಫಾರ್ಮು. ಕಾಕಾ ಹಡಗಿನಲ್ಲಿ ಹಿಂದಿ ಓದಲು ಬರೆಯಲು ಕಲಿತಿದ್ದ, ಇಂಗ್ಲಿಷ್ ಬರುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಅರ್ಜಿ, ಫಾರ್ಮು, ಏನೇ ಇದ್ದರೂ ನನ್ನ ಮುಂದೆ ಬರುತ್ತದೆ. ನಾನು ತುಂಬುತ್ತೇನೆ, ಅವರು ಸಹಿ ಹಾಕುತ್ತಾರೆ. ಏನು ಬರೆದಿ ಎಂದು ಇಂದಿನವರೆಗೂ ಯಾರೂ ಕೇಳಿಲ್ಲ. ಮಾಸ್ತರ ಬರೆದಮೇಲೆ ಮುಗಿಯಿತು.

ಇಲ್ಲಿ ನಮ್ಮ ಓಣಿಯ ಒಂದು ರೂಢಿಯನ್ನು ಹೇಳಬೇಕು. ಮಕ್ಕಳನ್ನು ಶಾಲೆಗೆ ಹಚ್ಚುವಾಗ ಫಾರ್ಮಿನಲ್ಲಿ ತಂದೆಯ ಉದ್ಯೋಗ ಎಂಬ ಜಾಗ ಬರುತ್ತದಲ್ಲ, ಅಲ್ಲಿ ನಮ್ಮ ಓಣಿಯವರೆಲ್ಲ ಒಕ್ಕಲುತನ ಎಂದೇ ಬರೆಸುತ್ತಿದ್ದರು. ಅಂಗೈ ಅಗಲ ಹೊಲ ಇಲ್ಲದವರೂ ಅದನ್ನೇ ಬರೆಸುತ್ತಿದ್ದರು. ಕಲ್ಲು ಒಡೆಯುವ ನಮ್ಮಪ್ಪನೂ ನನ್ನ ಫಾರ್ಮಿನಲ್ಲಿ ಅದನ್ನೇ ಬರೆಸಿದ. ಯಾರಿಗೂ ಅದು ಸುಳ್ಳು ಅನ್ನಿಸುತ್ತಿರಲಿಲ್ಲ. ಮಗುವಿಗೆ ಹೊಸ ಅಂಗಿ ತೊಡಿಸಿ ಕಳಿಸುವುದು ಎಷ್ಟು ಸಹಜವೋ ಅದೂ ಅಷ್ಟೇ ಸಹಜ. ನಾನು ಈ ರೂಢಿಯ ನೆಪ ಹೇಳಿ ಪಾರಾಗಬಹುದು. ಆದರೆ ಅಪ್ಪ ಬರೆಸಿದ್ದು ನಾನು ಮುಂದೆ ಬರಲಿ ಎಂದು. ನಾನು ಬರೆದದ್ದು ನನ್ನ ಮಾನ ಹೋಗದಿರಲಿ ಎಂದು. ಎರಡೂ ಒಂದೇ ಅಲ್ಲ.

ಹಡಗಿನಲ್ಲಿ ನಿಮ್ಮ ಕೆಲಸ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿ, ಗೊತ್ತಿಲ್ಲದವನ ಹಾಗೆ, “ಇಲ್ಲಿ ಏನ್ ಬರಿಲಿ ಕಾಕಾ?” ಅಂದೆ.

“ಸಫಾಯಿ ಅಂತ ಬರಿ. ಇದ್ದದ್ದು ಇದ್ದಂಗ.”

ಅಷ್ಟು ಹಗುರವಾಗಿ ಅಂದ. ಆಮೇಲೆ ನೆನಪು ಹೇಳಲು ಶುರು ಮಾಡಿದ. ಯುದ್ಧದ ಆ ದಿನಗಳಲ್ಲಿ ಹಡಗಿನ ದೀಪ ಆರಿಸಿ, ಎಲ್ಲರೂ ತಮ್ಮ ತಮ್ಮ ಜಾಗ ಬಿಟ್ಟು ಕದಲದೆ ನಿಂತಿದ್ದರಂತೆ. ಸಮುದ್ರ ಎದ್ದಿತ್ತು. ಅರ್ಧ ಜನ ವಾಂತಿ ಮಾಡುತ್ತಿದ್ದರು. ಅಂಥದರಲ್ಲಿ ಸಂಡಾಸದ ಪೈಪು ಕಟ್ಟಿಕೊಂಡಿತು. ಹೊಲಸೆಲ್ಲ ಹಿಂದಕ್ಕೆ ಬಂದು, ಜನ ಮಲಗುವ ಜಾಗದ ಕಡೆ ಹರಿಯತೊಡಗಿತು.

“ಭುಜದ ತನಕ ಕೈ ಹಾಕಿ ಕುಂತಿದ್ದೆ ನಾ. ಮ್ಯಾಲ ತೋಪು ಹಾರಿದ್ರ ಗ್ವಾಡಿ ಬಣ್ಣ ಪದರ ಪದರ ಎದ್ದು ತಲಿ ಮ್ಯಾಲ ಬೀಳ್ತಿತ್ತು. ನಾವು ಹೊಡಿಲಿಕತ್ತೀವೊ, ಅವರು ನಮಗ ಹೊಡಿಲಿಕತ್ತಾರೊ, ಒಂದೂ ತಿಳಿಯಂಗಿಲ್ಲ. ಪೈಪ್ ಬಿಟ್ಟು ಏಳಂಗಿಲ್ಲ.”

“ಆಮ್ಯಾಲ?”

“ಆಮ್ಯಾಲ ಬಿಟ್ಟಿತು. ತೊಳದು ಒಣಗಿಸಿ ಇಟ್ಟೆ. ಗೆದ್ದೀವಂತ ನನಗ ಹೆಂಗ ಗೊತ್ತಾತು ಹೇಳು? ಎಲ್ಲಾರೂ ಒಮ್ಮಿಗೇ ಸಂಡಾಸಕ್ಕ ಬಂದ್ರು. ಆ ತನಕ ಅಂಜಿಕಿಗಿ ಒಬ್ಬರಿಗೂ ಬಂದಿದ್ದಿಲ್ಲ.”

ಅವನು ನಕ್ಕ. ನಾನೂ ನಕ್ಕೆ. ನಗುತ್ತಲೇ ಫಾರ್ಮಿನಲ್ಲಿ, ಮುಂಭಾಗದ ತೋಪಿಗೆ ಗುಂಡು ತುಂಬುವ ಕೆಲಸ ಎಂದು ಇಂಗ್ಲಿಷಿನಲ್ಲಿ ಬರೆದೆ. ನೆನಪಿನ ಜಾಗದಲ್ಲಿ ತೋಪಿನ ಬಿಸಿ, ಮದ್ದಿನ ವಾಸನೆ, ಕಿವಿ ಮುಚ್ಚುವ ಸಪ್ಪಳ ಎಲ್ಲ ತುಂಬಿದೆ. ಪಾಠದಲ್ಲಿ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಎದುರಿಗೆ ಕುಳಿತ ಮನುಷ್ಯ ನಿಜ ಹೇಳುತ್ತಿದ್ದಾನೆ, ಅದೇ ಹೊತ್ತಿಗೆ ನನ್ನ ಕೈ ಬೇರೆಯದನ್ನು ಬರೆಯುತ್ತಿದೆ. ಕಾಕಾ ಕನ್ನಡಕ ಹಾಕಿಕೊಂಡು, ನಾನು ತೋರಿಸಿದ ಜಾಗದಲ್ಲಿ ನಿಧಾನವಾಗಿ ಸಹಿ ಮಾಡಿದ.

ಮೊಳಕಾಲು ನೋವಿನಿಂದ ಹಡಗು ತೆರೆದ ದಿನ ಕಾಕಾನಿಗೆ ಹೋಗಲಾಗಲಿಲ್ಲ. ಅದು ನನಗೆ ಅನುಕೂಲವೇ ಆಯಿತು. ಆದರೆ ಕಾಕಾ ಬಿಡುವ ಆಸಾಮಿಯಲ್ಲ. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು, ಒಮ್ಮೆ ನೋಡಿ ಬರೋಣ. ಏನೇನೋ ನೆಪ ಹೇಳಿದೆ. ದಸರಾ ರಜೆಗೆ ಯಾವ ನೆಪವೂ ಉಳಿಯಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿದೆವು. ಕಾಕು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ಕಾಕಾ ಕಿಟಕಿಯ ಪಕ್ಕ ಇಸ್ತ್ರಿ ಅಂಗಿ ಮುದುಡದ ಹಾಗೆ ನೆಟ್ಟಗೆ ಕುಳಿತಿದ್ದ. ಬೋರ್ಡು ಹಾಕಿರಲಿಕ್ಕಿಲ್ಲ, ಹಾಕಿದ್ದರೂ ಇಂಗ್ಲಿಷಿನಲ್ಲಿ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಹಡಗು ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಸಿಮೆಂಟಿನ ಕಟ್ಟೆಗಳ ಮೇಲೆ ನಿಂತಿತ್ತು, ಹೊಟ್ಟೆಯ ಕೆಳಗೆ ಐಸ್‌ಕ್ರೀಮ್ ಗಾಡಿಗಳು. ಅದರ ಉಸ್ತುವಾರಿ ನೋಡುವ ಹೆಣ್ಣುಮಗಳು ಮೂವತ್ತೈದರ ಆಸುಪಾಸಿನವಳು, ಕೈಯೆಲ್ಲ ಬೂದು ಬಣ್ಣ. ಹೆಸರು ಕೇಳಿ ಕಾಕಾನ ಕಾಲು ಮುಟ್ಟಿ ನಮಸ್ಕರಿಸಿದಳು. ಹಿಂದಿಯಲ್ಲಿ ಪಟಪಟ ಮಾತಾಡಿದಳು. ಸಮುದ್ರದಲ್ಲಿದ್ದಾಗ ಹಡಗನ್ನು ದಿನಾ ಒರೆಸಲು, ಬಣ್ಣ ಹಚ್ಚಲು ತುಂಬ ಜನ ಇದ್ದರು, ಈಗ ನಾವು ಏಳು ಜನ, ಉಪ್ಪಿನ ಗಾಳಿಗೆ ಒಂದು ತುದಿಯ ತುಕ್ಕು ಕೆರೆದು ಮುಗಿಸುವಷ್ಟರಲ್ಲಿ ಇನ್ನೊಂದು ತುದಿ ಶುರುವಾಗಿರುತ್ತದೆ ಎಂದಳು. ಕಾಕಾ ತಲೆ ಆಡಿಸುತ್ತ ಗೋಡೆಯ ಕಬ್ಬಿಣದ ಮೇಲೆ ಬೆರಳು ಎಳೆದು ನೋಡಿದ.

“ಬನ್ನಿ, ಮೊದಲು ನಿಮ್ಮ ಜಾಗಕ್ಕೆ ಹೋಗೋಣ,” ಎಂದು ಅವಳು ನೇರ ಮುಂಭಾಗದ ತೋಪಿನ ಹತ್ತಿರ ಕರೆದುಕೊಂಡು ಹೋದಳು.

ಬೋರ್ಡಿನಲ್ಲಿ ತೆಲುಗು, ಇಂಗ್ಲಿಷ್, ಹಿಂದಿ ಮೂರೂ ಇದ್ದವು. ಕಾಕಾ ಮೊದಲು ತನ್ನ ಫೋಟೋ ನೋಡಿದ. ಇಪ್ಪತ್ತರ ಹುಡುಗ, ಕಿವಿ ಅಗಲ. ನಂತರ ಹಿಂದಿಯ ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ಬೆರಳು ಸಾಲಿನ ಕೊನೆ ಮುಟ್ಟಿತು. ಮತ್ತೆ ಮೊದಲಿಗೆ ಹೋಗಿ ಇನ್ನೊಮ್ಮೆ ಓದಿದ.

“ಇದು ನೀ ಬರದೀಯೇನು?” ತಿರುಗದೆಯೇ ಕೇಳಿದ, ಕನ್ನಡದಲ್ಲಿ.

“ಹೂಂ, ಕಾಕಾ.”

ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಉಸಿರಾಡಲು ಆಗುತ್ತಿತ್ತು. ಆ ಹೆಣ್ಣುಮಗಳ ಕಡೆ ತಿರುಗಿ, ಮಗಳೇ ಇದು ತಪ್ಪಾಗಿದೆ, ನಾನು ಇಲ್ಲಿ ಸಫಾಯಿ ಕೆಲಸದವನು, ಈ ತೋಪಿಗೆ ಗುಂಡು ತುಂಬುತ್ತಿದ್ದವನು ಬೇರೆ ಎಂದು ಹಿಂದಿಯಲ್ಲಿ ಹೇಳಿದ. ಗುಂಡು ತುಂಬುತ್ತಿದ್ದವನು ಕೊಂಕಣದವನಂತೆ. ಹಡಗಿನಲ್ಲಿ ಕಾಕಾನ ಜೊತೆ ಮೊದಲ ದಿನವೇ ಒಂದೇ ತಟ್ಟೆಯಲ್ಲಿ ಉಂಡವನು. ಉಳಿದವರು ಮಗ್ಗುಲಲ್ಲಿ ಕೂರಲು ತಿಂಗಳುಗಟ್ಟಲೆ ತೆಗೆದುಕೊಂಡಿದ್ದರಂತೆ. ಈ ಮಾತನ್ನೂ ಕಾಕಾ ನಮ್ಮ ಮನೆಯಲ್ಲಿ ಯಾರೊಡನೆಯೂ ಆಡಿರಲಿಲ್ಲ.

ಹೆಣ್ಣುಮಗಳ ಮುಖ ಸಣ್ಣಗಾಯಿತು. ಹೋದ ತಿಂಗಳು ಅವರ ಮಗಳು ಬಂದಿದ್ದರು ಎಂದಳು. ತಂದೆ ತೀರಿಕೊಂಡು ಬಹಳ ವರ್ಷವಾಗಿದೆ, ಅವರದೊಂದು ಫೋಟೋ ಕೂಡ ಮನೆಯಲ್ಲಿ ಉಳಿದಿಲ್ಲ. ಅಪ್ಪ ಇಲ್ಲೇ ನಿಲ್ಲುತ್ತಿದ್ದರು, ಇವರು ಯಾರು ಎಂದು ಕೇಳಿದ್ದರಂತೆ. ನಮ್ಮ ಹತ್ತಿರ ಸಹಿ ಮಾಡಿದ ಫಾರ್ಮಿದೆ, ನಿಮ್ಮ ನೆನಪೇ ತಪ್ಪಿರಬೇಕು ಎಂದು ನಾನೇ ಹೇಳಿ ಕಳಿಸಿದೆ ಅಂದಳು.

ಕಾಕಾ ಈಗ ತಿರುಗಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

“ನನಗ ನಮ್ಮ ಸಂಡಾಸ ತೋರ್ಸಂತ ಹೇಳು ಆಕಿಗಿ,” ಅಂದ. ಹಿಂದಿ ಅವನಿಗೇ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೂ ನನ್ನ ಬಾಯಿಂದಲೇ ಹೇಳಿಸಿದ. ನಾನು ಹೇಳಿದೆ.

ಕೆಳಗಿನ ಅಂತಸ್ತಿನ ಆ ಕೋಣೆಗೆ ಬೀಗ ಹಾಕಿತ್ತು. ಒಳಗೆ ಬಣ್ಣದ ಡಬ್ಬಿ, ಹಗ್ಗ, ಮುರಿದ ಕುರ್ಚಿ. ಜನ ಇದನ್ನು ನೋಡಲು ಬರುವುದಿಲ್ಲ, ಅದಕ್ಕೆ ಮುಚ್ಚಿದ್ದೇವೆ, ಮುಂದಿನ ತಿಂಗಳು ಎಲ್ಲ ಕಿತ್ತು ಆಟಿಕೆ ಮಾರುವ ಅಂಗಡಿ ಮಾಡಬೇಕೆಂದಿದ್ದೇವೆ ಎಂದು ಅವಳು ಸಂಕೋಚದಿಂದ ಹೇಳಿದಳು. ಕಾಕಾ ಡಬ್ಬಿಗಳನ್ನು ತಾನೇ ಸರಿಸಿದ. ಮೊಳಕಾಲು ನೋವು ಎಲ್ಲಿ ಹೋಯಿತೋ, ಬಗ್ಗಿ ಪೈಪಿನ ಬುಡಕ್ಕೆ ಕೈ ಹಾಕಿದ. ಸಮುದ್ರದ ನೀರನ್ನು ಒಳಗೆ ತರುವ ವಾಲ್ವ್ ಇದು, ಹೊರಗೆ ಬಿಡುವುದು ಇದು, ಅಲೆ ಎದ್ದಾಗ ಎರಡನೆಯದನ್ನು ಮೊದಲು ಮುಚ್ಚಬೇಕು, ಇಲ್ಲವಾದರೆ ಸಮುದ್ರವೇ ಒಳಗೆ ಬರುತ್ತದೆ. ಇಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿಕೆ ಇತ್ತು, ಯಾರು ಕಿತ್ತರು? ಅವಳು ಪುಸ್ತಕ ತೆಗೆದು ಭರಭರ ಬರೆದುಕೊಳ್ಳತೊಡಗಿದಳು. ಮಧ್ಯೆ ಒಮ್ಮೆ ತಲೆ ಎತ್ತಿ, “ಕ್ಯಾಪ್ಟನ್ ಕೋಣೆ, ಇಂಜಿನ್, ತೋಪು, ಎಲ್ಲದರ ಬಗ್ಗೆಯೂ ಯಾರಾದರೂ ಬರೆದು ಕಳಿಸಿದ್ದಾರೆ. ಇಲ್ಲಿ ಕೆಲಸ ಮಾಡಿದೆ ಎಂದು ಒಬ್ಬರೂ ಬರೆಯಲಿಲ್ಲ,” ಅಂದಳು.

ಒಬ್ಬನು ಹೇಳಿದ್ದ. ಬರೆಯುವವನು ಬರೆಯಲಿಲ್ಲ.

ಬೋರ್ಡು ಬದಲಿಸಬೇಕಾದರೆ ಸಹಿ ಮಾಡಿದವರೇ ತಪ್ಪಾಗಿದೆ ಎಂದು ಬರೆದುಕೊಡಬೇಕು ಎಂದಳು. ಆಫೀಸಿನ ಮೇಜಿನ ಮೇಲೆ ಹಾಳೆ ಇಟ್ಟಳು. ರೂಢಿಯಂತೆ ನಾನು ಪೆನ್ನು ತೆಗೆದೆ. ಕಾಕಾ ನನ್ನ ಕೈಯಿಂದ ಮೆತ್ತಗೆ ಪೆನ್ನು ತೆಗೆದುಕೊಂಡ. ದಪ್ಪ ದಪ್ಪ ಹಿಂದಿ ಅಕ್ಷರಗಳಲ್ಲಿ, ಅರ್ಧ ತಾಸು ಹಿಡಿದು, ಎಂಟು ಸಾಲು ಬರೆದ. ನನ್ನ ಹೆಸರು ಎಲ್ಲಿಯೂ ಹಾಕಲಿಲ್ಲ. ಫಾರ್ಮಿನಲ್ಲಿ ತಪ್ಪಾಯಿತು ಎಂದಷ್ಟೇ ಬರೆದ.

ವಾಪಸು ಬರುವಾಗ ರೈಲಿನಲ್ಲಿ ಅವನು ರೊಟ್ಟಿ ಬಿಚ್ಚಿ ಮೊದಲು ನನಗೇ ಕೊಟ್ಟ. ಹಿಂಡಿ ಹಾಕಿಕೊಳ್ಳುವಾಗಲೂ, ತಾಂಡೂರು ದಾಟುವಾಗಲೂ ಆ ವಿಷಯ ಎತ್ತಲಿಲ್ಲ. ಸೇಡಂನಲ್ಲಿ ನಾನು ಇಳಿಯಬೇಕಿತ್ತು, ಇಳಿಯಲಿಲ್ಲ. ವಾಡಿಯವರೆಗೂ ಹೋದೆ, ಮನೆ ಮುಟ್ಟಿಸುತ್ತೇನೆ ಎಂದು. ನಿಜ ಹೇಳಬೇಕೆಂದರೆ ಅವನು ಏನಾದರೂ ಅನ್ನಲಿ ಎಂದು ಕಾದಿದ್ದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಮೊಳಕಾಲು ಉಜ್ಜಿಕೊಳ್ಳುತ್ತ ಕೊನೆಗೆ ಅಂದ.

“ನಿಮ್ಮಪ್ಪ ನನ್ನ ಮ್ಯಾಲ ಸಿಟ್ಟಾಗಿದ್ದ. ಅದು ನನಗ ಗೊತ್ತಿತ್ತು. ಅಂವ ಮುಖದ ಮ್ಯಾಲೇ ಅಂತಿದ್ದ, ನಾನೂ ಅಂತಿದ್ದೆ, ಮುಗೀತು. ನಿನಗ ನನ್ನಿಂದ ನಾಚಿಕಿ ಆಗ್ತಿತ್ತಂತ ಮಾತ್ರ ಗೊತ್ತಿದ್ದಿಲ್ಲ. ಇಷ್ಟು ವರ್ಷ ಮನಿಗಿ ಬಂದು ಹೋಗಿ ಮಾಡಿದಿ. ನಾ ಏನು ತಿಳ್ಕೊಂಡಿದ್ದೆ, ನಮ್ಮ ಮಾಸ್ತರಗ ನನ್ನ ಮ್ಯಾಲ ಭಾಳ ಪ್ರೀತಿ, ಭಾಳ ಮಾಯಾ ಅದ ಅಂತ.”

“ಮಾಯಾ ಅದ ಕಾಕಾ,” ಅಂದೆ.

“ಇರಬೇಕು,” ಅಂದ. “ಎರಡೂ ಇರಬೇಕು.”

ಆಟೋದಲ್ಲಿ ಅವನನ್ನು ಮನೆ ಮುಟ್ಟಿಸಿ, ಚಹಾ ಕುಡಿಯದೆ ಬಂದೆ. ಸೇಡಂಗೆ ಬಂದಮೇಲೆ ಯುದ್ಧದ ಪಾಠವನ್ನು ಆ ವರ್ಷ ಬರೀ ಪುಸ್ತಕ ನೋಡಿಕೊಂಡು ಓದಿ ಮುಗಿಸಿದೆ. ನಿಮ್ಮ ಕಾಕಾನ ಕಥೆ ಹೇಳ್ರಿ ಸರ್ ಎಂದು ಮಕ್ಕಳು ಕೇಳಿದರು, ಸಿಲೆಬಸ್ ಬಹಳ ಉಳಿದಿದೆ ಅಂದೆ. ನಿಜ ಹೇಳಲು ಅದೊಂದು ಒಳ್ಳೆಯ ಗಳಿಗೆಯಾಗಿತ್ತು.

ಈ ವರ್ಷ ಬೇಸಿಗೆ ರಜೆಗೆ ಮುಂಚೆ ಆ ಹೆಣ್ಣುಮಗಳು ಕಾಕಾನಿಗೆ ಫೋನ್ ಮಾಡಿದಳಂತೆ. ಕೋಣೆ ತೆರೆದಿದ್ದೇವೆ, ಅಂಗಡಿ ಮಾಡಲಿಲ್ಲ, ನೀವು ಹೇಳಿದಂತೆ ಹಿಡಿಕೆ ಕೂಡ ಹಾಕಿಸಿದ್ದೇವೆ, ಬನ್ನಿ ಎಂದು. ಕಾಕಾನ ಮೊಳಕಾಲು ಅಷ್ಟು ದೂರ ಕೂರಲು ಬಿಡುತ್ತಿರಲಿಲ್ಲ. ನನಗೆ ಫೋನ್ ಮಾಡಿ, “ನೀ ಹೋಗಿ ನೋಡಿ ಬಾ. ಬರೋಬ್ಬರಿ ಮಾಡ್ಯಾರೊ ಇಲ್ಲೊ ನನಗ ಹೇಳು,” ಅಂದ. ನನ್ನನ್ನೇ ಕಳಿಸುತ್ತಿದ್ದಾನಲ್ಲ ಎಂದು ನನ್ನ ಕಣ್ಣು ತುಂಬಿತು. ಮರುದಿನವೇ ಟಿಕೆಟ್ ಮಾಡಿಸಿದೆ.

ಬರೋಬ್ಬರಿ, ಎಲ್ಲ ಸರಿಯಾಗಿಯೇ ಮಾಡಿದ್ದರು. ತೋಪಿನ ಪಕ್ಕ ಈಗ ಫೋಟೋ ಇಲ್ಲದೆ ಆ ಕೊಂಕಣದವರ ಹೆಸರು ಮಾತ್ರ ಇತ್ತು. ಕೆಳಗಿನ ಕೋಣೆಯ ಬಾಗಿಲು ತೆಗೆದಿತ್ತು. ಪೈಪಿಗೆ ಬಣ್ಣ ಬಳಿದು, ಎರಡು ವಾಲ್ವಿಗೂ ಚೀಟಿ ಅಂಟಿಸಿದ್ದರು. ಬಾಗಿಲ ಪಕ್ಕ ಕಾಕಾನ ಅಗಲ ಕಿವಿಯ ಫೋಟೋ, ಕೆಳಗೆ ಅವನ ಕೆಲಸ ಮುಚ್ಚುಮರೆ ಇಲ್ಲದೆ, ಮತ್ತು ಪೈಪಿನ ಆ ನೆನಪು ಅವನದೇ ಮಾತಿನಲ್ಲಿ. ಎಲ್ಲರೂ ಒಮ್ಮೆಲೇ ಬಂದರು ಅನ್ನುವುದನ್ನೂ ಬಿಟ್ಟಿರಲಿಲ್ಲ. ನಾನು ಎರಡು ಸಲ ಓದಿದೆ. ಎದೆ ತುಂಬಿ ಬಂತು. ಇದನ್ನೇ ನಾನು ಎಲ್ಲರಿಗೂ ಹೇಳಬಹುದಿತ್ತು, ಇಷ್ಟು ವರ್ಷ, ಇದು ಆ ತೋಪಿನ ಕಥೆಗಿಂತ ಎಷ್ಟು ಚೆನ್ನಾಗಿದೆ ಅನ್ನಿಸಿತು.

ಅಷ್ಟರಲ್ಲಿ ಒಂದು ಸಂಸಾರ ಒಳಗೆ ಬಂತು. ಗಂಡ, ಹೆಂಡತಿ, ಎರಡು ಹೆಣ್ಣುಮಕ್ಕಳು. ಮಕ್ಕಳು ಪೈಪು ನೋಡಿ ಮೂಗು ಮುಚ್ಚಿಕೊಂಡು ನಕ್ಕರು. ತಾಯಿ, ಇದೇನು ಇಲ್ಲಿ ನೋಡುವುದು, ನಡೀರಿ ಎಂದು ಮೂಗು ಮುರಿದಳು. ಆ ಗಂಡಸು ಮಾತ್ರ ನಿಂತು ಫೋಟೋ ನೋಡಿದ. ಸಭ್ಯಸ್ಥ, ಕನ್ನಡಕದವನು, ಮಾಸ್ತರನೋ ಏನೋ. ನನ್ನ ಕಡೆ ತಿರುಗಿ, ಇವರು ಯಾರು, ನಿಮಗೆ ಗೊತ್ತೇನು ಎಂದು ತೆಲುಗಿನಲ್ಲಿ ಕೇಳಿದ. ಸೇಡಂ ಕಡೆಯವರಿಗೆ ತೆಲುಗು ಬರುವುದಿಲ್ಲ ಎಂಬ ನೆಪವೂ ಇಲ್ಲ. ಅದನ್ನು ಕೇಳುತ್ತಲೇ ಬೆಳೆದವರು ನಾವು.

ಮಕ್ಕಳು ಇನ್ನೂ ಮೂಗು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದರು.

“ಈ ಹಡಗಿನಲ್ಲಿ ಕೆಲಸ ಮಾಡಿದವರು,” ಅಂದೆ.

ಅವನು ತಲೆ ಆಡಿಸಿ ಮುಂದೆ ಹೋದ. ನನ್ನ ಬಾಯಿಂದ ಎರಡು ಶಬ್ದ ಬರಬೇಕಿತ್ತು, ಅಷ್ಟೇ. ಐವತ್ತರ ಹತ್ತಿರ ಬಂದ ಮನುಷ್ಯ ನಾನು. ಯಾರ ಅಂಜಿಕೆ ನನಗೆ? ಆ ಸಂಸಾರ ಇನ್ನೊಮ್ಮೆ ನನ್ನನ್ನು ಜನ್ಮದಲ್ಲಿ ನೋಡುವುದಿಲ್ಲ. ಅವರ ಹಿಂದೆ ಹೋಗಿ ಹೇಳಬೇಕೆಂದು ಏಣಿ ಹತ್ತಿ ಮೇಲಕ್ಕೂ ಹೋದೆ. ಅವರು ತೋಪಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಕೆಳಗಿಳಿದು ಹೊರಗೆ ಬಂದುಬಿಟ್ಟೆ.

ಮರಳಿನ ಮೇಲೆ ಕುಳಿತಿದ್ದಾಗ ಕಾಕಾನ ಫೋನ್ ಬಂತು.

“ನೋಡಿದಿ?”

“ನೋಡಿದೆ ಕಾಕಾ. ಭಾಳ ಚೆಂದ ಮಾಡ್ಯಾರ. ಹಿಡಿಕಿ ಹಾಕ್ಯಾರ. ನೀ ಹೇಳಿದ್ದು ಎಲ್ಲಾ ಬರದಾರ.”

“ಮಂದಿ ಬರ್ಲಿಕತ್ತಾರೇನು?”

“ಬರ್ಲಿಕತ್ತಾರ.”

“ಇಂವ ಯಾರಂತ ಯಾರರ ಕೇಳಿದ್ರೇನು?” ದನಿಯಲ್ಲಿ ಆಸೆ ಇತ್ತು. ಮುಚ್ಚಿಟ್ಟುಕೊಳ್ಳುವುದು ಅವನಿಗೆ ಗೊತ್ತಿಲ್ಲ.

“ಒಬ್ಬರು ಕೇಳಿದ್ರು.”

“ನೀ ಏನಂದಿ?”

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಮುದುಕನಿಗೆ ಖುಷಿಯಾಗುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅವನಿಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

“ಈ ಜಹಾಜಿನ್ಯಾಗ ಕೆಲಸ ಮಾಡಿದವರು ಅಂದೆ.”

“ನಮ್ಮ ಕಾಕಾ ಅಂತ ಅನಲಿಲ್ಲೇನು?”

“ಇಲ್ಲ ಕಾಕಾ.”

ಫೋನಿನ ಆ ಕಡೆ ವಾಡಿಯಲ್ಲಿ ಗೂಡ್ಸ್ ಗಾಡಿಯೊಂದು ಹೋಗುತ್ತಿತ್ತು. ಅದು ಪೂರ್ತಿ ದಾಟಿ ಹೋಯಿತು.

“ಇರ್ಲಿ,” ಅಂದ. “ಈ ಸಲ ಸುಳ್ಳಂತೂ ಹೇಳಿಲ್ಲಲ.”

ಆಮೇಲೆ, ಊಟ ಮಾಡಿದಿಯೇನು ಎಂದು ಕೇಳಿದ.